ಒಡ್ಡಿನ ಮರ, ಹೊಲದ ಶೆಡ್ಡು

ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಬಡಿಗತನದ ಶೆಡ್ಡು ನಡೆಸುತ್ತೇನೆ ಎಂದರೆ ಜನ ಮೊದಲು ಕೇಳುವುದು, ‘ಈ ಬಿಸಿಲಾಗ ಕಟಗಿ ಎಲ್ಲಿಂದ ತರ್ತೀರಿ?’ ಅಂತ. ಕೇಳುವುದು ಸಹಜ. ಕಲಬುರಗಿಯಿಂದ ನಮ್ಮೂರಿನವರೆಗೆ ಕಣ್ಣಿಗೆ ಬೀಳುವುದು ತೊಗರಿ, ಕಡಲೆ, ಜೋಳ. ಕಾಡು ನೋಡಬೇಕಾದರೆ ಚಿಂಚೋಳಿ ಕಡೆ ಹೋಗಬೇಕು. ಆದರೆ ಹೊಲದ ಒಡ್ಡುಗಳ ಮೇಲೆ ಒಮ್ಮೆ ನಡೆದು ನೋಡಿ. ಬೇವು ಇದೆ, ಕರಿಜಾಲಿ ಇದೆ. ಹಳ್ಳದ ದಂಡೆಗೆ ಹುಣಸೆ, ಬಾವಿ ಹತ್ತಿರ ಮಾವು. ಹಾಳುಬಿದ್ದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ. ನಮ್ಮ ಕೆಲಸ ನಡೆಯುವುದು ಈ ಮರಗಳಿಂದಲೇ.

ಮೊದಲು ಇವು ನಿಂತಲ್ಲೇ ಮಾರಾಟವಾಗುತ್ತಿದ್ದವು. ವ್ಯಾಪಾರಿ ಬಂದು ಮರದ ಸುತ್ತ ಒಂದು ಸುತ್ತು ಹಾಕಿ ಕಣ್ಣಂದಾಜಿನ ಬೆಲೆ ಹೇಳುತ್ತಿದ್ದ. ಮನೆಗೆ ದುಡ್ಡಿನ ಅಡಚಣೆ ಇದ್ದಾಗಲೇ ಬರುತ್ತಿದ್ದ, ಅದೂ ನಿಜ. ಅಜ್ಜ ಕಾದು ಬೆಳೆಸಿದ ಬೇವು ಇಟ್ಟಿಗೆ ಭಟ್ಟಿಗೆ ಹೋಗುತ್ತಿತ್ತು. ಅದೇ ಹೊತ್ತಿಗೆ ಊರಿನವರು ಮನೆ ಕಟ್ಟಿಸಿದರೆ ಬಾಗಿಲು ಚೌಕಟ್ಟನ್ನು ಕಲಬುರಗಿಯಿಂದ ಟೆಂಪೋದಲ್ಲಿ ತರಿಸುತ್ತಿದ್ದರು. ಈ ಎರಡನ್ನೂ ಒಟ್ಟಿಗೆ ನೋಡಿದಾಗ ನನಗೆ ಸಂಕಟವಾಗುತ್ತಿತ್ತು.

ನಾನು ಕೆಲವು ವರ್ಷ ಪುಣೆಯಲ್ಲಿ ಫರ್ನಿಚರ್ ಕೆಲಸ ಮಾಡಿದವನು. ಅಲ್ಲಿ ಎಲ್ಲ ಪ್ಲೈವುಡ್, ಲ್ಯಾಮಿನೇಟ್. ಅಳತೆ, ಫಿನಿಶಿಂಗ್, ಗಿರಾಕಿಯ ಜತೆ ಮಾತಾಡುವ ರೀತಿ ಅಲ್ಲಿ ಕಲಿತೆ. ಮರದ ಗುಣ ಕಲಿತದ್ದು ಮಾತ್ರ ಊರಲ್ಲಿ, ಬಡಿಗೇರ ಮನೆಯ ಹಿರಿಯರ ಹತ್ತಿರ. ಅವರಿಗೆ ನಾವೆಲ್ಲ ಮಾಮಾ ಅಂತೀವಿ. ಅವರ ಕಾಲದಲ್ಲಿ ರೈತರ ಕೂರಿಗೆ, ಕುಂಟೆ, ನೊಗ ವರ್ಷವಿಡೀ ಅವರೇ ನೋಡಿಕೊಳ್ಳುತ್ತಿದ್ದರು. ರಾಶಿ ಆದ ಮೇಲೆ ಕಣದಿಂದಲೇ ಆಯ ಅಂತ ಕಾಳು ಬರುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ ಕಬ್ಬಿಣದ್ದಾಯಿತು, ಆಯ ನಿಂತಿತು. ನಾನು ಶೆಡ್ಡು ಹಾಕುತ್ತೇನೆ ಎಂದಾಗ ಮಾಮಾ ಬಾಚಿ, ಉಳಿ, ಕಟ್ಟಿಗೆ ನುಣುಪು ಮಾಡುವ ರಂದಾ ಎಲ್ಲ ತಂದಿಟ್ಟು, ‘ಮಿಷನ್ ನಿನ್ನವು, ಕಟಗಿ ನನಗ ಬಿಡು’ ಎಂದರು. ಇವತ್ತಿಗೂ ಯಾವ ಮರ ಯಾವ ಕೆಲಸಕ್ಕೆ ಎನ್ನುವ ಕೊನೆಯ ಮಾತು ಅವರದೇ.

ಮರ ಕಡಿಯುವ ಮೊದಲು ಕಾಗದದ ಕೆಲಸ ಇದೆ. ನಮ್ಮದೇ ಹೊಲ, ನಮ್ಮದೇ ಮರ, ಯಾರನ್ನು ಕೇಳಬೇಕು ಅಂತ ಊರಲ್ಲಿ ಬಹಳ ಜನ ತಿಳಿದಿದ್ದಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಕ್ಕೂ ಅನ್ವಯಿಸುತ್ತದೆ. ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ಸರ್ವೆ, ಬಳ್ಳಾರಿ ಜಾಲಿ, ಇಂಥ ಕೆಲವಕ್ಕೆ ಕಡಿಯುವ ಅನುಮತಿ ಬೇಡ. ಪಟ್ಟಿಯಲ್ಲಿ ಇಲ್ಲದ ಮರಕ್ಕೆ ಅರ್ಜಿ ಕೊಡಲೇಬೇಕು. ಪಹಣಿ ಹಚ್ಚಬೇಕು, ಸರ್ವೆ ನಂಬರ್ ಬರೆಯಬೇಕು, ಯಾವ ಮರ, ಎಷ್ಟು, ಯಾಕೆ ಎಂದು ಹೇಳಬೇಕು. ಅರಣ್ಯ ಇಲಾಖೆಯವರು ಬಂದು ನೋಡಿ, ಸುತ್ತಳತೆ ತೆಗೆದುಕೊಂಡು ಹೋಗುತ್ತಾರೆ. ಕಡಿದದ್ದಕ್ಕೆ ಬದಲಾಗಿ ಸಸಿ ನೆಡುವ ಷರತ್ತು ಹಾಕುತ್ತಾರೆ. ದಿಮ್ಮಿಯನ್ನು ರಸ್ತೆ ಮೇಲೆ ಸಾಗಿಸಲು ಸಾಗಾಣಿಕೆ ಪರವಾನಗಿ ಬೇರೆ. ನಮ್ಮ ಹೊಲದಲ್ಲಿ ಅಪ್ಪ, ಕಾಕಾಗಳು ಸೇರಿ ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಒಂದೇ ಪಹಣಿಯಲ್ಲಿ ಇದ್ದದ್ದರಿಂದ ಎಲ್ಲರ ಒಪ್ಪಿಗೆ ಪತ್ರವೂ ಬೇಕಾಯಿತು. ಒಬ್ಬ ಕಾಕಾ ಸೊಲ್ಲಾಪುರದಲ್ಲಿ ಇದ್ದಾರೆ. ಅವರ ಸಹಿಗಾಗಿಯೇ ಒಂದು ಹಂಗಾಮು ತಡವಾಯಿತು.

ಇದರಿಂದ ಬೇಸರ ಆಗುತ್ತದೆ, ಸುಳ್ಳು ಹೇಳಲ್ಲ. ಆದರೂ ಈ ಕಾಯ್ದೆ ಬೇಕು ಅಂತಲೇ ನನ್ನ ಅಭಿಪ್ರಾಯ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಜಿಲ್ಲೆಯಲ್ಲಿ ಒಡ್ಡಿನ ಮರಕ್ಕೆ ಕೇಳುವವರು ಯಾರಾದರೂ ಇರಬೇಕಲ್ವಾ? ಕಡಿಯುವ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ ಆ ವರ್ಷದ ಪಟ್ಟಿ ನೋಡಿಕೊಂಡು ಬಂದರೆ ಮುಂದೆ ತಲೆನೋವು ಇರಲ್ಲ.

ನಾವು ಕಡಿಯುವುದು ಚಳಿಗಾಲದಲ್ಲಿ. ಮಾಮಾ ಅಮಾವಾಸ್ಯೆ ಹತ್ತಿರ ಬಂದಾಗ ಕಡಿಸುತ್ತಾರೆ, ಹುಳ ಬೀಳಲ್ಲ ಅಂತ. ಚಂದ್ರನ ಲೆಕ್ಕ ನಾನು ಅವರಿಗೇ ಬಿಟ್ಟಿದ್ದೇನೆ. ಚಳಿಗಾಲದ ಮಾತು ಮಾತ್ರ ನನ್ನ ಕಣ್ಣೆದುರೇ ನಿಜವಾಗಿದೆ. ಆಗ ಹುಳದ ಕಾಟ ಕಡಿಮೆ, ಕಟ್ಟಿಗೆ ನಿಧಾನಕ್ಕೆ ಒಣಗಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಕಡಿದ ದಿಮ್ಮಿಯ ತುದಿ ವಾರದೊಳಗೆ ಸೀಳು ಬಿಡುತ್ತದೆ. ಮಾವಿನ ಮರವನ್ನಂತೂ ಕಡಿದ ಮೇಲೆ ಸುಮ್ನೆ ಬಿಸಾಡಿ ಇಡಲೇಬಾರದು. ಬೇಗ ಕಲೆ ಹಿಡಿಯುತ್ತದೆ, ಹುಳ ಹೊಕ್ಕುತ್ತದೆ. ಅದನ್ನು ಕಡಿದ ಕೂಡಲೇ ಸೀಳಿಸಬೇಕು.

ಸೀಳುವುದು ನಮ್ಮ ಶೆಡ್ಡಿನಲ್ಲಿ ಅಲ್ಲ. ದಿಮ್ಮಿ ಸೀಳುವ ದೊಡ್ಡ ಗರಗಸದ ಮಿಷನ್ ಇಡಲು ಅರಣ್ಯ ಇಲಾಖೆಯ ಪರವಾನಗಿ ಬೇಕು. 1996ರಲ್ಲಿ ಕಾಡು ಉಳಿಸುವ ವಿಷಯದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಸಾಮಿಲ್‌ಗಳ ಮೇಲೆ ದೇಶಾದ್ಯಂತ ಬಿಗಿ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಕೈಗಾರಿಕೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಹಾಗಾಗಿ ಪರವಾನಗಿ ಇರುವ ಸಾಮಿಲ್‌ಗೆ ದಿಮ್ಮಿ ಒಯ್ಯುತ್ತೇವೆ, ಹಲಗೆ ಮಾಡಿಸಿಕೊಂಡು ಬರುತ್ತೇವೆ. ಅನುಮತಿ ಪತ್ರದ ನಕಲು, ಸೀಳಿಸಿದ ರಸೀದಿ ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟಿರುತ್ತೇನೆ.

ದಿಮ್ಮಿ ಅಳೆಯುವ ಲೆಕ್ಕ ಪ್ರತಿ ರೈತನಿಗೂ ಗೊತ್ತಿರಬೇಕು. ಇದು ಗೊತ್ತಿಲ್ಲದೆ ನಮ್ಮ ಹಿರಿಯರು ಬಹಳ ಕಳೆದುಕೊಂಡಿದ್ದಾರೆ. ದಿಮ್ಮಿಯ ನಡುವೆ ಹಗ್ಗ ಸುತ್ತಿ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಅದನ್ನು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದಕ್ಕೆ ಉದ್ದದ ಅಡಿ ಗುಣಿಸಿ, 144ರಿಂದ ಭಾಗಿಸಿ. ಸುತ್ತಳತೆ 48 ಇಂಚು, ಉದ್ದ 8 ಅಡಿ ಇದ್ದರೆ 12 ಗುಣಿಸು 12 ಗುಣಿಸು 8, ಭಾಗಿಸು 144. ಅಂದರೆ 8 ಘನ ಅಡಿ. ದಿಮ್ಮಿಯಲ್ಲಿ ನಿಜವಾಗಿ ಇರುವ ಕಟ್ಟಿಗೆ 10 ಘನ ಅಡಿಗಿಂತ ಸ್ವಲ್ಪ ಜಾಸ್ತಿಯೇ. ತೊಗಟೆ, ಪಕ್ಕದ ಸಿಪ್ಪೆ ಹೋಗುತ್ತದೆ ಎಂದು ಈ ಲೆಕ್ಕ ಮೊದಲೇ ಕಳೆದುಕೊಂಡಿರುತ್ತದೆ. ಹೀಗೆ ಕಳೆದ ಮೇಲೂ ‘ಸಿಪ್ಪೆಗೆ’ ಅಂತ ಮತ್ತೊಮ್ಮೆ ಕಡಿಮೆ ಮಾಡಿ ಕೊಳ್ಳುವ ವ್ಯಾಪಾರಿಗಳು ಇದ್ದಾರೆ. ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಒಡ್ಡಿನ ಮರ ಕಾಡಿನ ಮರದ ಹಾಗೆ ನೆಟ್ಟಗೆ ಇರಲ್ಲ. ದನಕ್ಕೆ, ಆಡಿಗೆ ಅಂತ ಟೊಂಗೆ ಸವರಿರುತ್ತಾರೆ. ಗಂಟು ಜಾಸ್ತಿ. ಯಾರೋ ಎಂದೋ ಹೊಡೆದ ಮೊಳೆ ಒಳಗೇ ಸೇರಿಕೊಂಡಿರುತ್ತದೆ. ಅದು ಗರಗಸದ ಹಲ್ಲು ಮುರಿಯುತ್ತದೆ, ಸಾಮಿಲ್‌ನವರು ಸಿಟ್ಟಾಗುತ್ತಾರೆ, ಅವರ ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ದಿಮ್ಮಿ ಹೊರಡುವ ಮೊದಲು ತೊಗಟೆ ಕೆತ್ತಿ ನೋಡುತ್ತೇವೆ. ಸೀಳುವಾಗ ಮಾಮಾ ಮಿಷನ್ ಹತ್ತಿರ ನಿಂತೇ ಇರುತ್ತಾರೆ. ಯಾವ ಮಗ್ಗುಲು ಮೊದಲು, ಎಷ್ಟು ದಪ್ಪ ಎನ್ನುವುದನ್ನು ಅವರೇ ಹೇಳಬೇಕು. ಮರದ ಹಣೆಬರಹ ಅರ್ಧ ಅಲ್ಲೇ ತೀರ್ಮಾನ ಆಗುತ್ತದೆ.

ಇನ್ನರ್ಧ ಒಣಗಿಸುವುದರಲ್ಲಿ. ನನ್ನ ಮಟ್ಟಿಗೆ ಹೊಲದಲ್ಲಿ ಈ ಕೆಲಸ ಮಾಡುವುದಕ್ಕೆ ಇರುವ ದೊಡ್ಡ ಕಾರಣವೇ ಇದು. ಪೇಟೆಯಲ್ಲಿ ಚದರ ಅಡಿಗೆ ಬಾಡಿಗೆ. ಹಲಗೆಯನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂರಲು ಅಲ್ಲಿ ಯಾರಿಗೂ ಆಗಲ್ಲ. ಅರೆಹಸಿ ಕಟ್ಟಿಗೆಯಲ್ಲೇ ಬಾಗಿಲು ಮಾಡುತ್ತಾರೆ. ಬೇಸಿಗೆ ಬಂದರೆ ಅದು ತಿರುಚುತ್ತದೆ, ಸಂದು ಬಿಡುತ್ತದೆ. ನಮಗೆ ಜಾಗ ಇದೆ. ಮನೆಗೆ ಊಟ ಹೊಲದಿಂದ ಬರುತ್ತದೆ, ಆದ್ದರಿಂದ ಕಾಯಲೂ ಆಗುತ್ತದೆ.

ಒಂದು ಇಂಚು ದಪ್ಪದ ಹಲಗೆಗೆ ಸುಮಾರು ಒಂದು ವರ್ಷ ಎಂದು ಬಡಿಗರ ಹಳೆಯ ಲೆಕ್ಕ. ನಮ್ಮ ಒಣ ಹವೆಯಲ್ಲಿ ಅದಕ್ಕಿಂತ ಬೇಗ ಒಣಗುತ್ತದೆ. ಹಾಗೆ ಬೇಗ ಒಣಗುವುದೇ ಇಲ್ಲಿ ತೊಂದರೆ. ಮಾರ್ಚ್‌ನಿಂದ ಬೀಸುವ ಬಿಸಿಗಾಳಿಗೆ ಹಲಗೆಯ ಮೇಲ್ಭಾಗ ಒಣಗಿ ಬಿಗಿಯುತ್ತದೆ, ಒಳಗೆ ಹಸಿಯೇ ಇರುತ್ತದೆ. ಆಗ ಸೀಳುತ್ತದೆ. ಹಾಗಾಗಿ ನಮ್ಮ ಕೆಲಸ ಅರ್ಧ ಅದನ್ನು ತಡೆಯುವುದೇ. ಸೀಳಿ ತಂದ ದಿನವೇ ಎರಡೂ ತುದಿಗೆ ಹಳೆಯ ಪೇಂಟ್ ಬಳಿಯುತ್ತೇವೆ. ಉದ್ದದ ಎಳೆ ಮುಖಾಂತರ ತುದಿಯಿಂದ ನೀರು ಬೇಗ ಹೋಗುತ್ತದೆ, ಅದನ್ನು ಮುಚ್ಚಬೇಕು. ಹಲಗೆಯ ಮೇಲೆ ಹಲಗೆ ಇಡುವಾಗ ನಡುವೆ ಒಂದೇ ದಪ್ಪದ ಪಟ್ಟಿಗಳನ್ನು ಅಡ್ಡ ಇಡುತ್ತೇವೆ. ಪಟ್ಟಿಗಳು ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಬರಬೇಕು. ಒಂದು ಪಟ್ಟಿ ಪಕ್ಕಕ್ಕೆ ಸರಿದರೂ ಅಲ್ಲಿ ಹಲಗೆ ಬಾಗುತ್ತದೆ. ಮೇಲೆ ತಗಡು, ತಗಡಿನ ಮೇಲೆ ಭಾರದ ಕಲ್ಲು. ಪಡುವಣ ಕಡೆಗೆ ಗೋಣಿಚೀಲ ಇಳಿಬಿಟ್ಟು ಬಿಸಿಗಾಳಿಯ ಜೋರು ಕಡಿಮೆ ಮಾಡುತ್ತೇವೆ.

ಹೀಗೆ ಪೇರಿಸಿದ ಹಲಗೆಯ ಅಟ್ಟಿಯ ಬುಡಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಕಿದ್ದೇವೆ. ಇದು ಚೆಂದಕ್ಕೆ ಅಲ್ಲ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸೀದಾ ಅಟ್ಟಿ ಕಟ್ಟಿದರೆ ಒಂದು ಮೂಲೆ ಇಳಿದು ಹಲಗೆಯೆಲ್ಲ ತಿರುಚಿಕೊಳ್ಳುತ್ತದೆ. ಮಿಷನ್ ಇಡುವ ನೆಲಕ್ಕೂ ಇದೇ ಮಾತು. ಕಪ್ಪು ಮಣ್ಣನ್ನು ಆಳಕ್ಕೆ ತೆಗೆಸಿ, ಮುರುಮ್ ಅಂದರೆ ಗರಸು ಮಣ್ಣು ತುಂಬಿಸಿ, ನೀರು ಹೊಡೆದು ಕುಟ್ಟಿಸಿ, ಆಮೇಲೆ ಕಾಂಕ್ರೀಟ್, ಮೇಲೆ ಫರ್ಸಿ. ಶೆಡ್ಡಿನ ಖರ್ಚಿನಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ನೆಲಕ್ಕೇ ಹೋಯಿತು. ಎರೆ ಹೊಲದಲ್ಲಿ ಯಾರೇ ಶೆಡ್ಡು ಹಾಕಲಿ, ತಗಡಿನಲ್ಲಿ ಬೇಕಾದರೆ ಉಳಿಸಲಿ, ನೆಲದಲ್ಲಿ ಉಳಿಸಬಾರದು.

ಕಟ್ಟಿಗೆ ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಈಗ ಮೀಟರ್ ಸಿಗುತ್ತದೆ. ನಮ್ಮ ಹತ್ತಿರವೂ ಇದೆ. ಆದರೂ ನಾನು ಜಾಸ್ತಿ ನಂಬುವುದು ತಕ್ಕಡಿಯನ್ನು. ಪ್ರತಿ ಅಟ್ಟಿಯಲ್ಲಿ ಒಂದು ಗುರುತಿನ ಹಲಗೆ ಇಟ್ಟಿರುತ್ತೇವೆ. ಆಗಾಗ ತೆಗೆದು ತೂಗಿ ಅದರ ಮೇಲೆಯೇ ತೂಕ, ತಾರೀಖು ಬರೆಯುತ್ತೇವೆ. ತೂಕ ಇಳಿಯುವುದು ನಿಂತರೆ ಅದು ಇಲ್ಲಿನ ಹವೆಗೆ ಹೊಂದಿಕೊಂಡಿದೆ ಅಂತ ಅರ್ಥ. ಲೆಕ್ಕ ಬೇಕಾದರೆ ಒಂದು ಸಣ್ಣ ತುಂಡನ್ನು ಪೂರ್ತಿ ಒಣಗಿಸಿ ನೋಡಬಹುದು. 1,120 ಗ್ರಾಂ ಇದ್ದ ತುಂಡು ಒಣಗಿ 1,000 ಗ್ರಾಂ ಆದರೆ ಅದರಲ್ಲಿ ನೂರಕ್ಕೆ 12ರಷ್ಟು ತೇವ ಇತ್ತು. ಮನೆಯೊಳಗಿನ ಸಾಮಾನಿಗೆ ಅದಕ್ಕಿಂತ ಜಾಸ್ತಿ ಇರಬಾರದು ಎನ್ನುವುದು ನಮ್ಮ ನಿಯಮ.

ಕರಿಜಾಲಿಗೆ ಬೇರೆ ದಾರಿ. ಅದರ ಹೊರಗಿನ ಬಿಳಿ ಕಟ್ಟಿಗೆಗೆ ಹುಳ ಬಲು ಬೇಗ ಹತ್ತುತ್ತದೆ. ಒಳಗಿನ ಕೆಂಪು ಭಾಗ ಗಟ್ಟಿ. ಹಿಂದಿನವರು ಬಂಡಿ ಗಾಲಿಗೆ, ನೊಗಕ್ಕೆ ಜಾಲಿ ಬಳಸುವ ಮೊದಲು ಅದನ್ನು ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಹುಳ ತಿನ್ನುವ ಸತ್ವ ನೀರಿಗೆ ಹೋಗುತ್ತದೆ. ಕೃಷಿ ಹೊಂಡದಲ್ಲಿ ಹಾಕೋಣ ಅಂತ ಅಣ್ಣ ಹೇಳಿದ್ದ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹರಿದೀತು ಎಂದು ನಾನು ಒಪ್ಪಲಿಲ್ಲ. ಈಗ ಮಳೆಗಾಲದಲ್ಲಿ ಹಳೆಯ ಮೆಟ್ಟಿಲ ಬಾವಿಯಲ್ಲಿ ಮುಳುಗಿಸುತ್ತೇವೆ, ದಸರಾ ಹೊತ್ತಿಗೆ ಎತ್ತುತ್ತೇವೆ. ನೀರು ಕಪ್ಪಾಗುತ್ತದೆ, ವಾಸನೆ ಬರುತ್ತದೆ. ಕುಡಿಯುವ ನೀರಿನ ಬಾವಿಯಲ್ಲಿ ಮಾತ್ರ ಇದನ್ನು ಮಾಡಬಾರದು. ಇನ್ನೊಂದು, ಜಾಲಿಯಲ್ಲಿ ತೂತು ಹೊಡೆಯುವ, ಕೆತ್ತುವ ಒರಟು ಕೆಲಸವನ್ನು ಸ್ವಲ್ಪ ಹಸಿ ಇರುವಾಗಲೇ ಮುಗಿಸಬೇಕು. ಪೂರ್ತಿ ಒಣಗಿದ ಮೇಲೆ ಅದು ಉಳಿಗೆ ಬಗ್ಗುವುದಿಲ್ಲ, ಕಬ್ಬಿಣವೇ.

ಬಳ್ಳಾರಿ ಜಾಲಿಯನ್ನು ಎಲ್ಲರೂ ಬೈಯುತ್ತಾರೆ. ಹೊಲ ಕೆಡಿಸುವ ಗಿಡ ಅದು, ನಾನೂ ಒಪ್ಪುತ್ತೇನೆ. ಆದರೆ ಕಟ್ಟಿಗೆಯಾಗಿ ಅದು ಬಹಳ ಒಳ್ಳೆಯದು. ಒಣಗಿದಾಗ ಕುಗ್ಗುವುದು ಕಡಿಮೆ, ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಕುಗ್ಗುತ್ತದೆ. ಬಣ್ಣ ಚೆಂದ. ಉದ್ದ ಸಿಗಲ್ಲ, ನೆಟ್ಟಗೆ ಇರಲ್ಲ, ಅಷ್ಟೇ. ಎರಡು ಅಡಿಯೊಳಗಿನ ಕೆಲಸಕ್ಕೆಲ್ಲ ನಾವು ಅದನ್ನೇ ಬಳಸುತ್ತೇವೆ. ಕೊಡಲಿ ಕಾವು, ಗುದ್ದಲಿ ಕಾವು, ಲಟ್ಟಣಿಗೆ, ಮಣೆ. ಇದ್ದಿಲು ಸುಡುವವರಿಗೆ ಟನ್ ಲೆಕ್ಕದಲ್ಲಿ ಹೋಗುತ್ತಿದ್ದ ಕಟ್ಟಿಗೆ ಈಗ ಜನರ ಕೈಯಲ್ಲಿ ವರ್ಷಗಟ್ಟಲೆ ಇರುತ್ತದೆ. ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ.

ಜಮೀನು, ವಿದ್ಯುತ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾವು ಹಾಕಿದಾಗ ಕೃಷಿ ಜಮೀನಿನಲ್ಲಿ ವ್ಯಾಪಾರದ ಶೆಡ್ಡಿಗೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಬೇಕಿತ್ತು. ನಮ್ಮ ಕಡೆ ಎಲ್ಲರೂ ಅದಕ್ಕೆ ಎನ್‌ಎ, ಅಂದರೆ ನಾನ್ ಅಗ್ರಿಕಲ್ಚರ್, ಅಂತಾರೆ. ಪೂರ್ತಿ ಸರ್ವೆ ನಂಬರ್ ಮಾಡಿಸಬೇಕಿರಲಿಲ್ಲ. ಹೊಲದ ಒಂದು ಭಾಗವನ್ನು ಬೇರೆ ಮಾಡಿ ತೋರಿಸುವ 11ಇ ನಕ್ಷೆ ಮಾಡಿಸಿ ರಸ್ತೆ ಕಡೆಯ ಕೆಲವು ಗುಂಟೆಯನ್ನು ಮಾತ್ರ ಬೇರ್ಪಡಿಸಿದೆವು. ಕರೆಂಟಿಗೆ ಕೈಗಾರಿಕೆಯ ಮೀಟರ್ ತೆಗೆದುಕೊಂಡೆವು. ಪಕ್ಕದಲ್ಲೇ ಪಂಪ್‌ಸೆಟ್ಟಿನ ಲೈನ್ ಇತ್ತು. ‘ಅದರಿಂದನೇ ಎಳಕೊಂಡ್ರ ಆಯ್ತಲ್ಲ’ ಅಂತ ಹೇಳಿದವರು ಕಮ್ಮಿ ಇಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವುದು ಬೆಳೆಗೆ ನೀರು ಹಾಯಿಸಲು. ಅದನ್ನು ವ್ಯಾಪಾರಕ್ಕೆ ಬಳಸಿದರೆ ದಂಡ ಬೀಳುವುದಷ್ಟೇ ಅಲ್ಲ, ಅದು ಸರಿಯೂ ಅಲ್ಲ. ಆ ಲೈನಿನಲ್ಲಿ ತ್ರೀಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ನಿದ್ದೆಗಣ್ಣಿನಲ್ಲಿ ಕಟರ್ ಮುಂದೆ ನಿಲ್ಲುವ ಕೆಲಸ ನಮಗೆ ಬೇಡ.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಮಾಮಾ ಅವರಿಗೆ ಅರ್ಜಿ ಹಾಕಿಸಿದೆ. ಗ್ರಾಮ ಪಂಚಾಯಿತಿಯಲ್ಲಿ ಮೊದಲ ಪರಿಶೀಲನೆ. ಆಮೇಲೆ ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ 15,000 ರೂಪಾಯಿ. ಸಾಲ ಬೇಕಾದರೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ, ಬಡ್ಡಿ ನೂರಕ್ಕೆ 5. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಮಾಮಾ ಸಾಲ ಬೇಡ ಎಂದರು. ಉಪಕರಣದ ದುಡ್ಡಿನಲ್ಲಿ ಒಳ್ಳೆಯ ಉಳಿಗಳು, ಒಂದು ಡ್ರಿಲ್ ಬಂದವು.

ಈಗ ಮನೆಯ ಮಾತು. ನನ್ನ ಪ್ರಕಾರ ಹೊಲದಲ್ಲಿ ವ್ಯಾಪಾರ ಮಾಡುವವರು ಮರಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಇದನ್ನೇ.

ಒಡ್ಡಿನ ಮರ ನಮ್ಮದೇ, ಹಾಗಾಗಿ ಕಟ್ಟಿಗೆ ಪುಕ್ಕಟೆ ಎಂದು ಮನೆಯಲ್ಲಿ ಎಲ್ಲರ ತಲೆಯಲ್ಲೂ ಇತ್ತು. ಊರಿನವರೂ ಹಾಗೇ ಬೆಲೆ ಕೇಳುತ್ತಿದ್ದರು. ‘ನಿಮ್ಮ ಹೊಲದ ಕಟಗಿನೇ ಅಲ್ಲ, ಕೂಲಿ ಅಷ್ಟ ಹೇಳ್ರಿ.’ ಆದರೆ ಆ ಮರವನ್ನು ನಿಂತಲ್ಲಿ ಮಾರಿದ್ದರೆ ದುಡ್ಡು ಬರುತ್ತಿತ್ತು. ಆ ದುಡ್ಡು ನನ್ನೊಬ್ಬನದಲ್ಲ. ಹೊಲ ಅಣ್ಣ ಉಳುತ್ತಾನೆ, ಪಹಣಿಯಲ್ಲಿ ಅಪ್ಪನ ಹೆಸರಿದೆ, ಕಾಕಾಗಳ ಪಾಲಿದೆ. ನಾನು ಪುಕ್ಕಟೆ ಅಂತ ಬಳಸಿದರೆ ಅವರ ಪಾಲು ನಾನು ತಿಂದಂತೆ. ಇದನ್ನು ಮೊದಲು ಹೇಳಿದವರು ಅಣ್ಣನ ಹೆಂಡತಿ, ವೈನಿ. ಸಿಟ್ಟಿನಿಂದ ಹೇಳಲಿಲ್ಲ, ರೊಟ್ಟಿ ಬಡಿಯುತ್ತಾ ಸಹಜವಾಗಿ ಹೇಳಿದರು. ‘ಮರದ ದುಡ್ಡು ಹೊಲದ ಪುಸ್ತಕದಾಗ ಬರೀರಿ ಮೈದುನಾ, ನಾಳೆ ಯಾರೂ ಮಾತಾಡಬಾರದು.’

ಅಂದಿನಿಂದ ಎರಡು ಪುಸ್ತಕ, ಎರಡು ಬ್ಯಾಂಕ್ ಖಾತೆ. ಶೆಡ್ಡು ಹೊಲದಿಂದ ಮರ ಕೊಳ್ಳುತ್ತದೆ. ಬೆಲೆ ಹೊರಗಿನ ವ್ಯಾಪಾರಿ ಕೊಡುವಷ್ಟೇ, ಒಂದು ರೂಪಾಯಿ ಕಡಿಮೆ ಇಲ್ಲ. ಮೇಲೆ ಹೇಳಿದ ಲೆಕ್ಕದಂತೆ ಅಳೆದು ಬರೆಯುತ್ತೇವೆ. ಟ್ರ್ಯಾಕ್ಟರ್ ಬಳಸಿದರೆ ಡೀಸೆಲ್ ಮತ್ತು ಬಾಡಿಗೆ ಶೆಡ್ಡಿನ ಖರ್ಚು. ಶೆಡ್ಡಿನ ಹುಡುಗರು ತೊಗರಿ ರಾಶಿಗೆ ಹೋದರೆ ಆ ಕೂಲಿ ಹೊಲದ ಖರ್ಚು. ನನಗೂ ತಿಂಗಳ ಪಗಾರ ಇದೆ. ಅಪ್ಪನಿಗೆ ಮೊದಲು ಇದು ಹಿಡಿಸಲಿಲ್ಲ. ‘ಒಂದೇ ಮನ್ಯಾಗ ಎಂಥ ವ್ಯಾಪಾರ?’ ಎಂದರು. ತೊಗರಿ ರೇಟು ಬಿದ್ದ ವರ್ಷ ಮರದ ದುಡ್ಡು ಹೊಲದ ಖಾತೆಯಲ್ಲಿ ಇತ್ತು. ಬೀಜ ಗೊಬ್ಬರಕ್ಕೆ ಸೊಸೈಟಿ ಸಾಲ ಎತ್ತಬೇಕಾಗಲಿಲ್ಲ. ಆಮೇಲೆ ಪುಸ್ತಕವನ್ನು ಅವರೇ ಕೇಳಿ ನೋಡಲು ಶುರುಮಾಡಿದರು.

ಬೆಲೆ ಕಟ್ಟುವುದೂ ಇದರಿಂದ ಸುಲಭವಾಯಿತು. ದಿಮ್ಮಿಯ ಬೆಲೆ, ಕಡಿಯುವ ಕೂಲಿ, ಸಾಗಾಣಿಕೆ, ಸೀಳುವ ಕೂಲಿ ಇಷ್ಟನ್ನೂ ಕೂಡಿಸಿ, ಕೊನೆಗೆ ಕೈಗೆ ಬರುವ ಒಳ್ಳೆಯ ಹಲಗೆಯಿಂದ ಭಾಗಿಸಬೇಕು. ಒಡ್ಡಿನ ಮರದಲ್ಲಿ ದಿಮ್ಮಿಯ ಅರ್ಧದಷ್ಟು ಒಳ್ಳೆಯ ಹಲಗೆ ಬಂದರೆ ಪುಣ್ಯ. ಒಣಗಲು ಇಟ್ಟ ಕಾಲಕ್ಕೂ ಬೆಲೆ ಇದೆ, ಆ ದುಡ್ಡು ಅಷ್ಟು ದಿನ ಕಟ್ಟಿಹಾಕಿದಂತೆ. ಇದನ್ನೆಲ್ಲ ಗಿರಾಕಿಗೆ ಅಟ್ಟಿಯ ಮುಂದೆ ನಿಲ್ಲಿಸಿ ಹೇಳುತ್ತೇನೆ. ತೂಕ ಬರೆದ ಹಲಗೆ ತೋರಿಸುತ್ತೇನೆ. ಬಹಳ ಜನ ಒಪ್ಪುತ್ತಾರೆ. ಒಪ್ಪದವರಿಗೆ ಪೇಟೆಯಲ್ಲಿ ಅಗ್ಗದ್ದು ಸಿಗುತ್ತದೆ, ಅವರ ಮೇಲೆ ಬೇಜಾರಿಲ್ಲ.

ಸೋಫಾ, ಮಾಡ್ಯುಲರ್ ಕಿಚನ್ ನಾವು ಮಾಡಲ್ಲ. ನಮ್ಮಲ್ಲಿ ಹೋಗುವುದು ಬಾಗಿಲು ಚೌಕಟ್ಟು, ಹೊಸ್ತಿಲು, ಮಂಚ, ತೊಟ್ಟಿಲು, ದೇವರ ಮಂಟಪ. ಬೇವಿನ ಚೌಕಟ್ಟಿಗೆ ಗೆದ್ದಲು ಸುಲಭಕ್ಕೆ ಹತ್ತಲ್ಲ, ಅದಕ್ಕೆ ಬೇಡಿಕೆ ಇದೆ. ಆದರೆ ಬೇವಿನ ಎಳೆ ಒಂದಕ್ಕೊಂದು ಎದುರು ತಿರುಗಿರುತ್ತದೆ, ರಂದಾ ಹೊಡೆಯುವಾಗ ಕಿತ್ತು ಬರುತ್ತದೆ. ಬ್ಲೇಡ್ ಚೂಪಾಗಿರಬೇಕು, ತೆಳುವಾಗಿ ತೆಗೆಯಬೇಕು. ಬಾಗಿಲನ್ನು ಬೇಸಿಗೆಯಲ್ಲಿ ಮಾಡಿದರೆ ಚೌಕಟ್ಟಿನ ಹತ್ತಿರ ಸ್ವಲ್ಪ ಸಂದು ಬಿಡುತ್ತೇವೆ. ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲ ಹಲಗೆಯನ್ನು ಸುತ್ತಲೂ ಫೆವಿಕಾಲ್ ಹಚ್ಚಿ ಬಿಗಿದರೆ ಅದು ಒಡೆದೇ ಒಡೆಯುತ್ತದೆ. ಚೌಕಟ್ಟಿನಲ್ಲಿ ಗಾಡಿ, ಅಂದರೆ ಉದ್ದ ತೋಡು, ತೆಗೆದು ಹಲಗೆಯನ್ನು ಅದರೊಳಗೆ ಸುಮ್ಮನೆ ಕೂರಿಸಬೇಕು, ಅದಕ್ಕೆ ಓಡಾಡಲು ಜಾಗ ಬೇಕು.

ಕೆಲಸದ ಕಾಲವನ್ನು ಹೊಲವೇ ಹೇಳುತ್ತದೆ. ಮೃಗಶಿರಾ, ಆರಿದ್ರಾ ಮಳೆ ಬಿದ್ದರೆ ಬಿತ್ತನೆ, ಆಗ ಶೆಡ್ಡು ಮುಚ್ಚಿಯೇ ಇರುತ್ತದೆ. ಡಿಸೆಂಬರ್, ಜನವರಿ ತೊಗರಿ ರಾಶಿ. ಆ ದಿನಗಳಿಗೆ ಆರ್ಡರ್ ಹಿಡಿಯಲ್ಲ, ಗಿರಾಕಿಗೆ ಮೊದಲೇ ಹೇಳುತ್ತೇವೆ. ರಾಶಿ ಮುಗಿದ ಮೇಲೆ ಮದುವೆ ಹಂಗಾಮು, ಮನೆ ಕಟ್ಟುವ ಹಂಗಾಮು. ರೈತರ ಕೈಯಲ್ಲಿ ದುಡ್ಡು ಇರುವುದೂ ಆಗಲೇ. ಹೋಳಿ ಹುಣ್ಣಿಮೆ ನಂತರ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆ. ಕಾವು, ಲಟ್ಟಣಿಗೆ, ಮಣೆ ಅಲ್ಲಿ ಒಳ್ಳೆಯ ಮಾರಾಟ. ಎತ್ತು ಇಟ್ಟುಕೊಂಡಿರುವ ಕೆಲವು ಮನೆಗಳು ಇನ್ನೂ ಇವೆ. ಅವರ ಕುಂಟೆ, ಎಡೆಕುಂಟೆ ರಿಪೇರಿ ಬಸವ ಜಯಂತಿ ಹೊತ್ತಿಗೆ ಬರುತ್ತದೆ. ಅದರಲ್ಲಿ ಲಾಭ ಇಲ್ಲ. ಮಾಮಾ ಅವನ್ನು ಬೇರೆ ಯಾರ ಕೈಗೂ ಕೊಡಲ್ಲ, ನಾನೂ ಕೇಳಲ್ಲ.

ಒಂದು ಎಚ್ಚರಿಕೆ. ನಮ್ಮಲ್ಲಿ ರಾಶಿ ಆದ ಮೇಲೆ ತೊಗರಿ ಕಟ್ಟಿಗೆಯನ್ನು ಒಲೆಗೆ ಅಂತ ಒಟ್ಟುತ್ತಾರೆ. ಜಾಗ ಇದೆ ಅಂತ ಶೆಡ್ಡಿನ ಪಕ್ಕ ಒಟ್ಟಬಾರದು. ಒಣ ತೊಗರಿ ಕಟ್ಟಿಗೆ, ಕಟ್ಟಿಗೆ ಹೊಟ್ಟು, ಪಾಲಿಶ್, ಏಪ್ರಿಲ್ ಬಿಸಿಲು ಎಲ್ಲ ಒಂದೇ ಕಡೆ ಸೇರಿದರೆ ಒಂದು ಕಿಡಿ ಸಾಕು. ನಾವು ನಡುವೆ ಅಗಲವಾದ ಬಯಲು ಬಿಟ್ಟಿದ್ದೇವೆ, ಶೆಡ್ಡಿನ ಬಾಗಿಲಲ್ಲಿ ನೀರಿನ ಡ್ರಮ್, ಮರಳಿನ ಬಕೆಟ್ ಇಟ್ಟಿದ್ದೇವೆ. ಹೊಟ್ಟನ್ನು ದನದ ಕೊಟ್ಟಿಗೆಗೆ ಹಾಸುತ್ತೇವೆ. ಗಂಜಲ, ಸಗಣಿ ಹೀರಿಕೊಂಡು ಗೊಬ್ಬರದ ಗುಂಡಿಗೆ ಹೋಗುತ್ತದೆ. ಹಸಿ ಹೊಟ್ಟನ್ನು ಸೀದಾ ಹೊಲಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಬೆಳೆ ಹಳದಿಯಾಗುತ್ತದೆ. ದೂಳಿಗೆ ಮಾಸ್ಕ್ ಹಾಕದೆ ಯಾರೂ ಮಿಷನ್ ಮುಟ್ಟುವಂತಿಲ್ಲ. ಮಾಮಾ ಕೂಡ ಇದಕ್ಕೆ ಒಪ್ಪಿದ್ದಾರೆ, ಟವೆಲ್ ಕಟ್ಟಿಕೊಳ್ಳುತ್ತಾರೆ.

ಕಡಿದಷ್ಟು ನೆಡದಿದ್ದರೆ ಈ ಕೆಲಸ ನಮ್ಮ ತಲೆಮಾರಿಗೇ ಮುಗಿಯುತ್ತದೆ. ಷರತ್ತಿಗಾಗಿ ನೆಡುವುದು ಬೇರೆ, ಮುಂದಿನ ಲೆಕ್ಕ ಹಾಕಿ ನೆಡುವುದು ಬೇರೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಕೊಡುತ್ತಾರೆ. ಹೆಬ್ಬೇವು ಬೇಗ ಬೆಳೆಯುತ್ತದೆ, ಅದನ್ನು ಪ್ಲೈವುಡ್‌ನವರು ಕೊಳ್ಳುತ್ತಾರೆ. ಅಣ್ಣನಿಗೆ ಅದರ ಮೇಲೆ ಮನಸ್ಸು. ನನಗೆ ಬೇವು, ಸಾಗುವಾನಿ ಬೇಕು. ನೆರಳು ಬಿದ್ದು ತೊಗರಿ ಸೊರಗುತ್ತದೆ ಎನ್ನುವುದು ಅಣ್ಣನ ತಕರಾರು, ಅದು ನಿಜ ಕೂಡ. ಅದಕ್ಕೇ ತೆಂಕಣ ಒಡ್ಡು ಬಿಟ್ಟು ಬಡಗಣ ಒಡ್ಡಿಗೆ ಹಾಕುತ್ತಿದ್ದೇವೆ. ಚಳಿಗಾಲದಲ್ಲಿ, ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನೆರಳು ಬೀಳುವುದು ಬಡಗಣಕ್ಕೆ, ಅತ್ತ ನಮ್ಮ ಬಂಡಿದಾರಿ ಇದೆ. ಕೆಳಗಿನ ಟೊಂಗೆಯನ್ನು ಎಳೆಯದರಲ್ಲೇ ಸವರುತ್ತೇವೆ, ಗಂಟಿಲ್ಲದ ಹಲಗೆಗೆ ಅದೊಂದೇ ದಾರಿ. ಹಳ್ಳದ ದಂಡೆಯ ಹುಣಸೆ ಕಡಿಯುವುದಿಲ್ಲ ಎಂದು ಇಬ್ಬರೂ ಒಪ್ಪಿದ್ದೇವೆ, ವರ್ಷವೂ ಹಣ್ಣು ಬರುತ್ತದೆ.

ನೆಟ್ಟ ಮರಗಳನ್ನು ಪಹಣಿಯಲ್ಲಿ ಬರೆಸುವುದನ್ನು ಬಹಳ ಜನ ಬಿಡುತ್ತಾರೆ. ಪಹಣಿಯಲ್ಲಿ ಮರಗಳಿಗೆ ಜಾಗ ಇದೆ. ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಸಾಗುವಾನಿ, ಇಷ್ಟು ಬೇವು ಎಂದು ಈಗಲೇ ದಾಖಲಾದರೆ, ಇಪ್ಪತ್ತು ವರ್ಷದ ಮೇಲೆ ಕಡಿಯಲು ಅರ್ಜಿ ಹಾಕುವವರಿಗೆ ಇದು ನಾವೇ ನೆಟ್ಟದ್ದು ಎಂದು ತೋರಿಸಲು ಆಧಾರ ಇರುತ್ತದೆ. ಗ್ರಾಮ ಆಡಳಿತಾಧಿಕಾರಿ ಬೆಳೆ ನೋಡಲು ಬಂದಾಗ ಅಣ್ಣ ಅವರನ್ನು ಬಡಗಣ ಒಡ್ಡಿನವರೆಗೆ ಕರೆದುಕೊಂಡು ಹೋಗಿ ಎಣಿಸಿ ತೋರಿಸುತ್ತಾನೆ.